ಐದು ಎಂಎಂ ಏನು ಮಹಾ

ನಮ್ಮ ಮನೆ ಹಾಲ್‌ನಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಮೇಲ್ಭಾಗದಲ್ಲಿ ಏಳು ತೂತು. ಮೊನ್ನೆ ಬಂದ ಚಿಕ್ಕಮ್ಮ ಸುತ್ತ ನೋಡಿ, "ಇದೇನೋ, ಮರದಲ್ಲಿ ಪಡ್ಡಿನ ಕಾವಲಿ ಮಾಡ್ಸಿದೀಯ?" ಎಂದರು. ಅದು ವಿಡಿಯೋ ಗೇಮ್ ಪೆಟ್ಟಿಗೆ. ಒಂದು ತೂತಿನಲ್ಲಿ ಜಾಯ್‌ಸ್ಟಿಕ್ ಇದೆ. ಮಿಕ್ಕ ಆರು ಯಾಕೆ ಖಾಲಿ ಎನ್ನುವುದೇ ಕಥೆ.

ನಾನು ಸ್ಕೂಲಿಗೆ ಹೋಗುವಾಗ ತುಮಕೂರಿನ ಎಂ.ಜಿ. ರಸ್ತೆ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ರೂಪಾಯಿಗೊಂದು ಆಟ. 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಅಲ್ಲಿಯ ರಾಜ. ಅದಕ್ಕೆ ಆರು ಗುಂಡಿ, ಮೂರು ಗುದ್ದಕ್ಕೆ, ಮೂರು ಒದೆಯಕ್ಕೆ. ದೊಡ್ಡ ಹುಡುಗರು ಜಾಗ ಬಿಡುತ್ತಿರಲಿಲ್ಲ. ಸಂಜೆಯೆಲ್ಲ ಹಿಂದೆ ನಿಂತು ನೋಡಿಯೇ ನಾನು ಅರ್ಧ ಆಟ ಕಲಿತದ್ದು. ನಲವತ್ತು ದಾಟಿದ ಮೇಲೆ ಆ ಸೇಡು ತೀರಿಸಿಕೊಳ್ಳೋಣ ಅಂತ ಒಂದು ಜಾಯ್‌ಸ್ಟಿಕ್, ಆರು ಗುಂಡಿ, ಆಟ ಓಡಿಸೋಕೆ ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ತರಿಸಿದೆ.

ಹಲಗೆಗೆ ಹಣ ಕೊಡಬೇಕಾಗಲಿಲ್ಲ. ಹಳೇ ಬೀರುವಿನ ಬಾಗಿಲು ಅಟ್ಟದ ಮೇಲಿತ್ತು. 18 ಎಂಎಂ ಪ್ಲೈವುಡ್, ಮೇಲೆ ಸನ್‌ಮೈಕಾ. ಆ ಸನ್‌ಮೈಕಾದ ಮೇಲೆ ಪೆನ್ಸಿಲ್ ಗೀರು ಬೀಳಬಾರದು ಅಂತ ಅಡಿಭಾಗದಲ್ಲಿ ಗುರುತು ಹಾಕಿದೆ. ಎಡಕ್ಕೆ ಕೋಲು, ಬಲಕ್ಕೆ ಗುಂಡಿಗಳು, ನೀಟಾಗಿ. ಹಲಗೆ ಮಗುಚಿದರೆ ಎಡ ಬಲ ಅದಲುಬದಲಾಗುತ್ತೆ ಅನ್ನೋದು ದೋಸೆ ತಿನ್ನುವ ಯಾರಿಗಾದರೂ ಹೊಳೆಯಬೇಕಿತ್ತು.

ಆಚಾರ್ರ ಅಂಗಡಿಗೆ ಹೊತ್ತುಕೊಂಡು ಹೋದೆ. ಗುಂಡಿಗೆ 30 ಎಂಎಂ ತೂತು ಬೇಕು ಎಂದೆ.

"30 ಇಲ್ಲ ಸಾರ್. 35 ಇದೆ, ಬೀರು ಬಾಗಿಲಿಗೆ ಆಟೋ ಹಿಂಜಸ್ ಕೂರಿಸೋಕೆ ತೂತು ಹೊಡೆಯೋ ಡ್ರಿಲ್ ಬಿಟ್."

"ಐದು ಎಂಎಂ ಏನು ಮಹಾ, ಹೊಡೀರಿ ಆಚಾರ್ರೇ" ಎಂದವನು ನಾನೇ. ಆಚಾರ್ರು ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಏಳು ತೂತು ಹೊಡೆದರು.

ಮನೆಗೆ ಬಂದು ಜಾಯ್‌ಸ್ಟಿಕ್ಕನ್ನು ಅಡಿಯಿಂದ ಹಿಡಿದು ನೋಡಿದೆ. ಮೇಲೆ ಕೋಲೇ ಇಲ್ಲ! ತುದಿಯ ಚೆಂಡು ಮಾತ್ರ ಕೆರೆಯಲ್ಲಿ ಮುಳುಗುವವನ ತಲೆಯಂತೆ ಇಣುಕುತ್ತಿತ್ತು. ಇವನ್ನು ಮಾಡುವುದು ತೆಳ್ಳನೆ ತಗಡಿನ ಪ್ಯಾನೆಲ್‌ಗೆ. ಮರ ದಪ್ಪವಾದಷ್ಟೂ ಕೋಲು ಒಳಗೇ ಉಳಿಯುತ್ತೆ. ಅದಕ್ಕೆ ಅಡಿಯಿಂದ ಮರ ಕೆತ್ತಿ, ಮಧ್ಯದಲ್ಲಿ ತೆಳ್ಳಗೆ ಮಾಡಿ, ಆ ಹಳ್ಳದಲ್ಲಿ ಜಾಯ್‌ಸ್ಟಿಕ್ ಕೂರಿಸಬೇಕು.

ಇಲ್ಲಿ ಅಪ್ಪನ ಪ್ರವೇಶ. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು, ಅಪ್ಪನ ಅಳತೆಯ ವರ್ನಿಯರ್ ಮಾತ್ರ ಇನ್ನೂ ಸೇವೆಯಲ್ಲಿದೆ. ತೂತು ಅಳೆದರು. ಗುಂಡಿ ಅಳೆದರು. ಕನ್ನಡಕ ತೆಗೆದರು.

"ಗುಂಡಿ ಅಂಚೇ 33. ತೂತು 35. ಐದು ಎಂಎಂ ಅಂದ್ರೆ ವಾಚಲ್ಲಿ ತುಮಕೂರಿಂದ ಕ್ಯಾತ್ಸಂದ್ರ ಕಣೋ!"

ಒಂದು ಗುಂಡಿ ಬಿಟ್ಟು ನೋಡಿದೆ. ಸೀದಾ ತೂತಿನೊಳಗೆ ಹೋಗಿ ನೆಲಕ್ಕೆ ಬಿದ್ದು, ಸೋಫಾ ಕೆಳಗೆ ಉರುಳಿತು.

ಸಮಾಧಾನ ಏನೆಂದರೆ, ಕೋಲಿಗೆ ಆ 35 ಸರಿಯಾಗಿ ಒದಗಿತು. ದಪ್ಪ ಮರದಲ್ಲಿ ತೂತು ಸಣ್ಣದಾದರೆ ಕೋಲು ಅಂಚಿಗೆ ತಾಕಿ ನಿಲ್ಲುತ್ತೆ, ಒಳಗಿನ ಸ್ವಿಚ್ ಟಕ್ ಅನ್ನುವುದೇ ಇಲ್ಲ. ಗೊತ್ತಿಲ್ಲದೆ ಮಾಡಿದ ಸರಿ ಅದೊಂದೇ. ಇನ್ನು ಕೆತ್ತುವುದು. ಅಪ್ಪ "ಆರು ಎಂಎಂ ಉಳಿಸು" ಎಂದರು. ಉಳಿ ಹಿಡಿದು ಎರಡು ಭಾನುವಾರ ಕೆತ್ತಿದೆ, ಆರು ಎಂಎಂ ಉಳಿಸಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ ಬಿಗಿದೆ. ಮುಕ್ಕಾಲು ಇಂಚು ಅಂದರೆ 19 ಎಂಎಂ. ಮರ ಇರೋದು ಆರು. ಪೆನ್ಸಿಲ್ ಗೀರೂ ಬೀಳಬಾರದು ಅಂತ ಕಾಪಾಡಿದ ಸನ್‌ಮೈಕಾದಿಂದ ನಾಲ್ಕು ಮೊನೆ ಎದ್ದು ಬಂದವು. ಸರಿಯಾಗಿ ಅಂಗೈ ಊರುವ ಜಾಗದಲ್ಲಿ.

ಅಪ್ಪ ಏನೂ ಬಯ್ಯಲಿಲ್ಲ. ಮೊಮ್ಮಗಳ ಕಂಪಾಸ್ ಬಾಕ್ಸಿಂದ ರಬ್ಬರ್ ತಂದು, ನಾಲ್ಕು ತುಂಡು ಮಾಡಿ, ಮೊನೆಗಳಿಗೆ ಚುಚ್ಚಿದರು.

ಈಗ ಲೆಕ್ಕ ಹಾಕಿ. ಎಡಕ್ಕಿರಬೇಕಾದ ಕೋಲು ಬಲಕ್ಕಿದೆ. ಗುಂಡಿ ಒಂದೂ ಇಲ್ಲ. ಸ್ಟ್ರೀಟ್ ಫೈಟರ್ ಹಾಕಿದರೆ ನನ್ನವನು ಮುಂದೆ ಹಿಂದೆ ನಡೆಯುತ್ತಾನೆ, ನೆಗೆಯುತ್ತಾನೆ, ಒದೆ ತಿನ್ನುತ್ತಾನೆ. ಗುಂಡಿಯೇ ಬೇಡದ ಆಟ ಹುಡುಕಿದಾಗ ಸಿಕ್ಕಿದ್ದು 1980ರ ಪ್ಯಾಕ್-ಮ್ಯಾನ್. ಅದಕ್ಕೆ ಒಂದು ಕೋಲು ಸಾಕು.

ಅಪ್ಪ ಆಡಿ ನೋಡಿ, "ತಿರುವಲ್ಲಿ ತಡವರಿಸ್ತದೆ" ಎಂದರು. ನಿಜವೇ. ಅದು ನಾಲ್ಕೇ ದಿಕ್ಕಿನ ಆಟ, ನಮ್ಮ ಕೋಲು ಎಂಟು ದಿಕ್ಕಿನದು. ಓರೆಗೆ ಹೋದರೆ ಆಟಕ್ಕೆ ಗೊಂದಲ. ರಾತ್ರಿ ನಾವೆಲ್ಲ ಮಲಗಿದ ಮೇಲೆ ಅಪ್ಪ ಪೆಟ್ಟಿಗೆ ಮಗುಚಿ, ಜಾಯ್‌ಸ್ಟಿಕ್ ಅಡಿಯಲ್ಲಿರುವ ಚೌಕದ ಪ್ಲಾಸ್ಟಿಕ್ ತಡೆಯನ್ನು ಬಿಚ್ಚಿ, 45 ಡಿಗ್ರಿ ತಿರುಗಿಸಿ ಕೂರಿಸಿದ್ದರು. ಓರೆಯ ದಾರಿ ಬಂದ್, ನಾಲ್ಕೇ ದಿಕ್ಕು.

ಅಂದಿನಿಂದ ಸಂಜೆ ಆರಕ್ಕೆ ಅಪ್ಪ ಕೂತರೆ ಏಳುವುದು ಊಟಕ್ಕೇ. ನಿನ್ನೆ ನಾನು ಹಿಂದೆ ನಿಂತು, "ಅಪ್ಪಾ, ಒಂದು ಆಟ ಕೊಡಿ" ಎಂದೆ. ತಿರುಗಿ ಕೂಡ ನೋಡಲಿಲ್ಲ.

"ತಡಿಯೋ. ಅಷ್ಟರಲ್ಲಿ ಈ ಆರು ತೂತು ಮುಚ್ಚೋಕೆ ಏನಾದ್ರೂ ಹುಡುಕು, ಜಿರಳೆ ಸೇರ್ಕೊಳ್ತವೆ."