ನಂಬರ್ ನೋಡದೆ ಬೋಲ್ಟ್ ಹಾಕಬೇಡಿ

‘ತ್ರೀ-ನಾಟ್-ತ್ರೀ ರೈಫಲ್ಲಿನ ಯಾವ ಬಿಡಿಭಾಗವನ್ನಾದರೂ ಇನ್ನೊಂದಕ್ಕೆ ಹಾಕಬಹುದು’ ಅಂತ ನಿಮ್ಮ ರೈಫಲ್ ಪಟ್ಟಿಯ ಜೊತೆ ಬರೆದಿದ್ದೀರಿ. ಬೋಲ್ಟ್, ಅಂದರೆ ತೋಟಾವನ್ನು ನಳಿಕೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗದ ವಿಷಯದಲ್ಲಿ ಇದು ಅಪ್ಪಟ ತಪ್ಪು. ಧಾರವಾಡದಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಒರೆಸಿ ಬೋಲ್ಟ್‌ಗಳನ್ನು ತಾಡಪತ್ರಿ ಮೇಲೆ ಸಾಲಾಗಿ ಇಡುತ್ತಿದ್ದೆವು. ವಾಪಸ್ ಹಾಕುವಾಗ ಬೋಲ್ಟ್ ಹಿಡಿಕೆಯ ನಂಬರ್ ರೈಫಲ್ ಬಾಡಿಯ ನಂಬರಿಗೆ ತಾಳೆ ಆಗದಿದ್ದರೆ ಉಸ್ತಾದರು ಮೈದಾನ ಸುತ್ತಿಸುತ್ತಿದ್ದರು. ಅದು ಸುಮ್ನೆ ಶಿಸ್ತಿಗಲ್ಲ. ಲೀ-ಎನ್‌ಫೀಲ್ಡ್‌ನಲ್ಲಿ (ತ್ರೀ-ನಾಟ್-ತ್ರೀ ಅಂದರೆ ಇದೇ) ಬೋಲ್ಟನ್ನು ಬಾಡಿಗೆ ಬಿಗಿಹಿಡಿಯುವ ಉಬ್ಬುಗಳನ್ನು, ಅಂದರೆ ಲಗ್‌ಗಳನ್ನು ಆಯಾ ಬಾಡಿಗೆ ಕೂರುವಂತೆ ಹೊಂದಿಸಿರುತ್ತಾರೆ. ಅದರ ನಂಬರ್ 4 ಮಾದರಿಗಂತೂ ಬೋಲ್ಟಿನ ಮುಂತುದಿ, ಅಂದರೆ ಬೋಲ್ಟ್ ಹೆಡ್ಡೇ 0, 1, 2, 3 ಅಂತ ನಾಲ್ಕು ಅಳತೆಯದು, ನಂಬರ್ ಏರಿದಂತೆ ಉದ್ದ ಕೂದಲೆಳೆಯಷ್ಟು ಜಾಸ್ತಿ. ಬೇರೆ ಬೋಲ್ಟೂ ಸಲೀಸಾಗಿ ಒಳಗೆ ಹೋಗುತ್ತೆ, ಅದೇ ಮೋಸ. ಬೋಲ್ಟಿಗೂ ತೋಟಾಕ್ಕೂ ನಡುವೆ ಸಂದು ಜಾಸ್ತಿಯಾದರೆ ತೋಟಾದ ಕೇಸು ಹರಿಯಬಹುದು. ಇನ್ನು ಇಶಾಪುರ ಕಾರ್ಖಾನೆಯ 2ಎ1 ರೈಫಲ್ ಹಾರಿಸುವುದು 7.62 ಮಿ.ಮೀ. ಗುಂಡು, ತ್ರೀ-ನಾಟ್-ತ್ರೀ ಅಲ್ಲ. ಅದನ್ನೂ ಇದೇ ಪಟ್ಟಿಗೆ ಯಾಕೆ ಸೇರಿಸಿದಿರೋ!