ಅಂಬಾಸಿಡರ್ ಜಾಗದಲ್ಲಿ ಎರಡು ಮಂಚ

ನಮ್ಮ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನನ್ನ ಮಕ್ಕಳು ನೋಡಿಯೇ ಇಲ್ಲ. ಅಪ್ಪ ಮಂಗಳೂರಿನ ಕುಲಶೇಖರದಲ್ಲಿ ಮನೆ ಕಟ್ಟಿಸುವಾಗ ಅವರ ಹತ್ತಿರ ಒಂದು ಅಂಬಾಸಿಡರ್ ಇತ್ತು. 14 ಅಡಿ ಉದ್ದದ ಆ ಕಾರು ಆರಾಮಾಗಿ ಕೈಕಾಲು ಚಾಚಿ ನಿಲ್ಲಲಿ ಅಂತ 18 ಅಡಿ ಉದ್ದ, 10 ಅಡಿ ಅಗಲದ ಗ್ಯಾರೇಜು ಕಟ್ಟಿಸಿದರು. ಮನೆಯವರಿಗೆ ಮಾತ್ರ ಎರಡೇ ಬೆಡ್‌ರೂಮು. ಕಾರು ಮಾರಿದ ವಾರದಲ್ಲೇ ಅಲ್ಲಿಗೆ ಕಾಲು ಮುರಿದ ಒಂದು ಕುರ್ಚಿ ಹೋಯಿತು. ಅದಕ್ಕೆ ಒಬ್ಬಂಟಿ ಅನಿಸಬಾರದಲ್ಲ, ಹಿಂದೆಯೇ ಒಂದೊಂದಾಗಿ ಉಳಿದವು ಹೋದವು. ತಾಮ್ರದ ಹಂಡೆ, ಕಡೆಯುವ ಕಲ್ಲು, ಉಪ್ಪಿನಕಾಯಿ ಭರಣಿಗಳು, ನಾನು ಮಲಗಿದ್ದ ತೊಟ್ಟಿಲು, ಸತ್ತುಹೋದ ಇನ್ವರ್ಟರ್. ನಾನು ಕಾರು ತೆಗೆದುಕೊಳ್ಳುವಷ್ಟರಲ್ಲಿ ಅದನ್ನು ನಿಲ್ಲಿಸಲು ಅಂಗಳದ ತೆಂಗಿನ ಮರದ ಬುಡ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ವರ್ಷಕ್ಕೆ ಎರಡು ಸಲ ಅದರ ಮೇಲೆ ಮಡಲು ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಆಸ್ತಿ 200 ಹಂಚು. ಅಮ್ಮನ ತವರುಮನೆ ಕೆಡವಿದಾಗ ಬಂದದ್ದು. ಸುಮ್ನೆ ಹಂಚಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಕಾರ್ಖಾನೆ ಹಾಕಿ ಸುಡಲು ಶುರು ಮಾಡಿದ್ದರಲ್ಲ, ಅವರ ಹೆಸರಿನ ಅಚ್ಚು ಇರುವ ಹಂಚು. ಅಮ್ಮ ವರ್ಷಕ್ಕೊಮ್ಮೆ ಗ್ಯಾರೇಜಿಗೆ ಹೋಗಿ ಒಂದು ಹಂಚನ್ನು ಬೆರಳ ಗಂಟಿನಿಂದ ಬಡಿದು ನೋಡುತ್ತಾರೆ. ಠಣ್ ಅನ್ನುತ್ತದೆ. "ಈಗಿನ ಹಂಚಿಗೆ ಈ ಸ್ವರ ಎಲ್ಲಿ ಬರ್ತದೆ?" ಅನ್ನುತ್ತಾರೆ. ಇದನ್ನೆಲ್ಲ ಯಾರಿಗಾದರೂ ಕೊಡೋಣ ಅಂದರೆ ಅವರ ಉತ್ತರ ಒಂದೇ: "ಯಾವತ್ತಾದರೂ ಬೇಕಾಗ್ತದೆ."

ಹೀಗಿರುವಾಗ ಒಂಬತ್ತನೇ ಕ್ಲಾಸಿನ ಮಗಳು ತನಗೆ ಸ್ವಂತ ಕೋಣೆ ಬೇಕು ಅಂತ ಹಠ ಹಿಡಿದಳು. ಆಗ ಅವಳು, ನಾಲ್ಕನೇ ಕ್ಲಾಸಿನ ತಮ್ಮ, ಅಜ್ಜಿ ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ತಮ್ಮ ನಿದ್ದೆಯಲ್ಲಿ "ಔಟ್, ಔಟ್" ಅಂತ ಬೊಬ್ಬೆ ಹೊಡೆಯುತ್ತಾನೆ. ಅಜ್ಜಿ ಬೆಳಗಾಗುವ ಮೊದಲೇ ಎದ್ದು ಮಂಗಳೂರು ಆಕಾಶವಾಣಿ ಹಾಕುತ್ತಾರೆ. ಅವಳ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕನಿಗೆ ಕೋಣೆ ಅಂದ ಮೇಲೆ ತಮ್ಮನಿಗೂ ಬೇಕು. ಮಹಡಿ ಎತ್ತಲು ಎಷ್ಟಾಗುತ್ತದೆ ಅಂತ ವಿಚಾರಿಸಿದೆ. ಆ ಲೆಕ್ಕ ಕೇಳಿದ ಮೇಲೆ ಎರಡು ದಿನ ನಾನು ಜಾಸ್ತಿ ಮಾತಾಡಲಿಲ್ಲ. ಮೂರನೇ ದಿನ ಹೆಂಡತಿ ಹೇಳಿದಳು: "ಗ್ಯಾರೇಜು ಉಂಟಲ್ಲ?"

ಅವಳ ಅಣ್ಣ ಎಂಜಿನಿಯರ್. ಕರೆಸಿದೆವು. ಭಾವ ಬಂದರು, ಒಂದು ತಟ್ಟೆ ಗೋಳಿಬಜೆ ಮುಗಿಸಿದರು, ಟೇಪು ಹಿಡಿದು ಗ್ಯಾರೇಜಿನ ಎತ್ತರ ಅಳೆದರು. "ಕಟ್ಟಡದ ನಿಯಮದ ಪ್ರಕಾರ ಮನುಷ್ಯರು ಇರುವ ಕೋಣೆಗೆ 2.75 ಮೀಟರ್ ಎತ್ತರ ಬೇಕು ಭಾವ. ಗ್ಯಾರೇಜಿಗೆ 2.4 ಸಾಕು. ನಿಮ್ಮದು ಸರಿಯಾಗಿ 2.4. ಇದು ಅಂಬಾಸಿಡರಿಗೆ ಕಟ್ಟಿದ್ದು."

"ಮಕ್ಕಳಲ್ವಾ ಅಣ್ಣ, ಇನ್ನೂ ಪೂರ್ತಿ ಎತ್ತರ ಆಗಿಲ್ಲ" ಅಂದಳು ಹೆಂಡತಿ.

ನಿಯಮ ತಿಳಿದವರು ಇದಕ್ಕೆ ಏನು ಹೇಳುತ್ತಾರೋ. ಭಾವ ಇನ್ನೊಂದು ಗೋಳಿಬಜೆ ತೆಗೆದುಕೊಂಡರು. ದೊಡ್ಡ ಕಿಟಕಿ ಇಡಿಸಿ ಅಂತಷ್ಟೇ ಹೇಳಿ ಹೋದರು.

ಮೊದಲ ಜಗಳ ಹಂಚಿಕೆಯದು. ಮನೆಯ ಒಳಗಿಂದ ಗ್ಯಾರೇಜಿಗೆ ಇರುವ ಬಾಗಿಲು ಹಿಂಭಾಗದಲ್ಲಿದೆ. ಸರಿಯಾಗಿ ಅರ್ಧ ಮಾಡಿದರೆ ಮುಂದಿನ ಕೋಣೆಗೆ ಹೋಗಲು ಹಿಂದಿನ ಕೋಣೆಯನ್ನು ತುಳಿದೇ ಹೋಗಬೇಕು. ಅದಕ್ಕೆ 3 ಅಡಿಯ ಓಣಿ ಬಿಡಬೇಕಾಯಿತು. ಆಗ ಹಿಂದಿನದು ಸಣ್ಣದಾಯಿತು. ಅಡ್ಡಗೋಡೆಯನ್ನು ಮುಂದೆ ಸರಿಸಿದೆವು. ಕೊನೆಗೆ ಅಕ್ಕನಿಗೆ 11 ಅಡಿ ಉದ್ದ, 7 ಅಡಿ ಅಗಲ. ತಮ್ಮನಿಗೆ 10 ಅಡಿ, 7 ಅಡಿ. ಗುಣಾಕಾರ ಆಗಷ್ಟೇ ಚೆನ್ನಾಗಿ ಕಲಿತಿದ್ದ ನಮ್ಮ ಸಣ್ಣವ ಗೋಡೆಯ ಮೇಲೆ ಪೆನ್ಸಿಲಿನಿಂದ 77ರಿಂದ 70 ಕಳೆದ. ಅಕ್ಕನಿಂದ ತನಗೆ 7 ಚದರ ಅಡಿ ಬರಬೇಕು ಅಂತ ಇವತ್ತಿಗೂ ಹೇಳುತ್ತಾನೆ. ಅದಕ್ಕೆ ಬದಲಾಗಿ ಅವನಿಗೆ ಶಟರ್ ಇರುವ ಮುಂಭಾಗ ಸಿಕ್ಕಿತು. ಆ ಶಟರ್ ಮುಂದೆ ಏನೆಲ್ಲ ಮಾಡುತ್ತದೆ ಅಂತ ನಮಗಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಮೇಸ್ತ್ರಿ ಎದೆ ತಟ್ಟಿ ಹೇಳಿದರು: "ಟೆನ್ಶನ್ ಮಾಡ್ಬೇಡಿ ಸರ್. ಪತ್ತನಾಜೆಗೆ ಮುಂಚೆ ಕೀ ಕೈಗೆ ಕೊಡ್ತೇನೆ."

ನಮ್ಮ ಕಡೆ ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ದೈವಗಳ ಕೋಲ, ನೇಮ ಎಲ್ಲ ನಿಲ್ಲುತ್ತವೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮಳೆಗೆ ಮುಂಚೆ ಮುಗಿಸುತ್ತಾರಲ್ಲ ಅಂತ ನಾನು ಖುಷಿಪಟ್ಟೆ. ಪತ್ತನಾಜೆಯವರೆಗೆ ಇವರಿಗೆ ಪುರುಸೊತ್ತೇ ಇರುವುದಿಲ್ಲ ಅಂತ ಹೊಳೆಯಲಿಲ್ಲ. ಸೋಮವಾರ ಮೇಸ್ತ್ರಿಯ ಕುಟುಂಬದ ಕೋಲ. ಬುಧವಾರ ಊರ ದೇವಸ್ಥಾನದ ಬ್ರಹ್ಮಕಲಶ. ಶುಕ್ರವಾರ ಮದುವೆ. ಶನಿವಾರ ಮದುವೆಗೆ ಹೋದ ಸುಸ್ತು. ಮರದ ಕೆಲಸದ ಆಚಾರ್ರು ಒಬ್ಬರು ಮಾತ್ರ ದಿನವೂ ತಪ್ಪದೆ ಬರುತ್ತಿದ್ದರು. ಅವರಿಗೆ ಆಟದ ಹುಚ್ಚು. ರಾತ್ರಿಯಿಡೀ ಯಕ್ಷಗಾನ ನೋಡಿ, ಬೆಳಿಗ್ಗೆ ನೇರ ನಮ್ಮಲ್ಲಿಗೆ ಬಂದು, ಚಾ ಕುಡಿದು, ಪ್ಲೈವುಡ್ ಶೀಟಿನ ಮೇಲೆ ಉದ್ದಕ್ಕೆ ಮಲಗುತ್ತಿದ್ದರು. ಆ ಕೋಣೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಅಂತ ಮೊದಲು ಸಾಬೀತು ಮಾಡಿದವರು ಅವರೇ. ನಾನು ಎಬ್ಬಿಸಿದರೆ ಹಿಂದಿನ ರಾತ್ರಿಯ ಮಹಿಷಾಸುರನ ಪ್ರವೇಶವನ್ನು ಪೂರ್ತಿ ವಿವರಿಸಿ, ಆಮೇಲೆ ಎರಡು ಮೊಳೆ ಹೊಡೆಯುತ್ತಿದ್ದರು.

ಆದರೆ ಒಂದು ವಿಷಯ ಕಂಡುಹಿಡಿದದ್ದೂ ಅವರೇ. ರಸಮಟ್ಟ ನೆಲಕ್ಕಿಟ್ಟು ನೋಡಿ "ಸರ್, ನಿಮ್ಮ ನೆಲ ಓಡ್ತಾ ಉಂಟು" ಅಂದರು. ಕಾರು ತೊಳೆದ ನೀರು ಹೊರಗೆ ಹೋಗಲಿ ಅಂತ ಗ್ಯಾರೇಜಿನ ನೆಲವನ್ನು ಹಿಂದಿನಿಂದ ಶಟರಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ನಮ್ಮದರಲ್ಲಿ ಒಟ್ಟು 3 ಇಂಚು ಇಳಿಜಾರು. ಮಟ್ಟ ಮಾಡೋಣ ಅಂದರೆ ಆ 3 ಇಂಚು ಎತ್ತರದಲ್ಲೇ ಕಡಿಮೆಯಾಗಬೇಕು. ಎತ್ತರವೇ ಇಲ್ಲ. ಹಾಗೇ ಬಿಟ್ಟೆವು. ಒರೆಸುವ ನೀರು ತಾಗಿ ಪ್ಲೈವುಡ್ ಉಬ್ಬಬಾರದು ಅಂತ ಆಚಾರ್ರು ಅಡ್ಡಗೋಡೆಯ ಕೆಳಗೆ ಒಂದು ಇಂಚು ಸಂದು ಬಿಟ್ಟರು. ಇಳಿಜಾರು ಒಂದು ಕಡೆ, ಸಂದು ಇನ್ನೊಂದು ಕಡೆ. ಈಗ ಮಗಳ ಕೋಣೆಯಲ್ಲಿ ಕೈತಪ್ಪಿ ಬಿದ್ದ ಪೆನ್ನು, ಲಿಪ್ ಬಾಮ್, ಕಿವಿಯ ಮುತ್ತು ಎಲ್ಲ ಸದ್ದಿಲ್ಲದೆ ಉರುಳಿ ತಮ್ಮನ ಮಂಚದ ಅಡಿಗೆ ಸೇರುತ್ತವೆ. ಅವನು ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಾನೆ. ಕೇಳಿದರೆ, "7 ಚದರ ಅಡಿಯ ಬಾಡಿಗೆ" ಅನ್ನುತ್ತಾನೆ.

ಮೇಜು, ಮಂಚಗಳ ಒಂದು ಬದಿಯ ಕಾಲಿಗೆ ಅಡಿಗಟ್ಟು ಕೊಡಬೇಕಾಯಿತು. ಅದಕ್ಕೆ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಒಳ್ಳೆ ದಪ್ಪ ಕಾಗದ, ಹತ್ತಾರು ಪುಟ. ಅಮ್ಮ ಮಾತ್ರ, ದೇವರ ಚಿತ್ರ ಇರುವ ಪುಟ ಹರಿದು ತೆಗೆಯದೆ ಒಂದನ್ನೂ ಮುಟ್ಟಲು ಬಿಡಲಿಲ್ಲ.

ಫ್ಯಾನಿನ ಕಥೆ ಬೇರೆ. ಎಂಟು ಅಡಿಯೂ ಇಲ್ಲದ ಮಾಡಿಗೆ ಫ್ಯಾನ್ ತೂಗಿದರೆ, ಮಂಚದ ಮೇಲೆ ನಿಂತು ಬ್ಯಾಟ್ ಬೀಸುವ ಹುಡುಗನ ಗತಿ ಏನು? ಗೋಡೆಗೆ ಫ್ಯಾನ್ ಹಾಕಿಸಿದೆವು. ನಮ್ಮದು ಮುರಕಲ್ಲಿನ ಗೋಡೆ. ಹೊರಗಿಂದ ನೋಡಲು ಕೋಟೆ, ಒಳಗೆ ಎಲ್ಲ ತೂತು. ಡ್ರಿಲ್ ಇಟ್ಟರೆ ಕೆಂಪು ಪುಡಿ ಸುರಿಯುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಮೂರನೇ ರಾತ್ರಿ ಫ್ಯಾನು ತಿರುಗುತ್ತಲೇ ಕೆಳಗಿಳಿದು ಶಾಲೆಯ ಚೀಲದ ಮೇಲೆ ಕುಳಿತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗಣಿತದ ಪುಸ್ತಕಕ್ಕೆ ಮಾತ್ರ ಪೆಟ್ಟಾಯಿತು, ಅದರ ಬಗ್ಗೆ ಮಗ ಬೇಸರ ತೋರಿಸಲಿಲ್ಲ. ಈಗ ಕಲ್ಲಿಗೆ ಸಿಮೆಂಟು ತುಂಬಿ, ಮರದ ಹಲಗೆ ಕೂರಿಸಿ, ಅದರ ಮೇಲೆ ಫ್ಯಾನ್ ಹಾಕಿದ್ದೇವೆ.

ಗೃಹಪ್ರವೇಶ ಜೂನ್ ಎರಡನೇ ವಾರ, ಮಳೆಯ ಜೊತೆಗೇ ಆಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ನಮ್ಮದು, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರಿಗೆ ಥಂಡಿ ಗೋಡೆಯ ಬಗ್ಗೆ ತಕರಾರಿಲ್ಲ. ಮಕ್ಕಳ ಬೆಲ್ಟಿಗೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಹಸಿರು ಗಡ್ಡ ಬಂತು. ಯೂನಿಫಾರ್ಮ್ ಒಣಗಲು ಆ 3 ಅಡಿ ಓಣಿಯಲ್ಲಿ ಹಗ್ಗ ಕಟ್ಟಿದೆವು. ಕೋಣೆಗೆ ಹೋಗಬೇಕಾದರೆ ಒದ್ದೆ ಪ್ಯಾಂಟುಗಳನ್ನು ಮುಖದಿಂದ ಸರಿಸುತ್ತ ಹೋಗಬೇಕು. ಇನ್ನೊಂದು ತಮಾಷೆ ಅಂದರೆ ಆಯಿಲಿನ ಕಲೆ. ಎಷ್ಟು ಉಜ್ಜಿದರೂ ಹೋಗಲಿಲ್ಲ ಅಂತ ಮೇಲೆ ಮ್ಯಾಟ್ ಹಾಸಿದ್ದೇವೆ. ಜೋರು ಮಳೆಯ ರಾತ್ರಿ ಅದರ ಅಡಿಯಿಂದ ಸಣ್ಣಗೆ ಪೆಟ್ರೋಲು, ಗ್ರೀಸು ವಾಸನೆ ಏಳುತ್ತದೆ. "ಅಜ್ಜನ ಕಾರು ಬಂತು" ಅಂತ ಮಗ ಮುಸುಕು ಹಾಕುತ್ತಾನೆ.

ಇಷ್ಟಾದರೂ ಮಕ್ಕಳು ಖುಷಿ. ಮತ್ಸ್ಯಗಂಧ ರೈಲಿನ ಸೈಡ್ ಲೋವರ್ ಬರ್ತಿಗಿಂತ ಸ್ವಲ್ಪ ದೊಡ್ಡ ಜಾಗ, ಆದರೆ ಸ್ವಂತದ್ದು. ಮಗಳ ಬಾಗಿಲ ಮೇಲೆ "ತಟ್ಟಿ, ಕಾಯಿರಿ, ಆಮೇಲೆ ಯೋಚಿಸುತ್ತೇನೆ" ಅಂತ ಬೋರ್ಡು ಬಂದಿದೆ. ಕಷ್ಟ ಆದದ್ದು ನಮಗೆ. ಗ್ಯಾರೇಜು ಖಾಲಿ ಮಾಡಿದಾಗ ಅದರಲ್ಲಿದ್ದದ್ದು ಎಲ್ಲಿಗೆ ಹೋಗಬೇಕು? ಅಮ್ಮನ ಕೋಣೆಯಲ್ಲಿ ಈಗ ಜಾಗ ಉಂಟಲ್ಲ ಅಂದೆ. "ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನಗೆ ಕೈಬೀಸಿ ಮಲಗಲು ಸಿಕ್ಕಿದೆ" ಅಂದರು. ಮುಂದೆ ಮಾತಾಡುವ ಹಾಗಿರಲಿಲ್ಲ. ಹಾಗಾಗಿ 200 ಹಂಚು ನಮ್ಮ ಮಂಚದ ಅಡಿಗೆ, ತೊಟ್ಟಿಲು ಕಪಾಟಿನ ಮೇಲಕ್ಕೆ, ಹಂಡೆ ಕಿಟಕಿಯ ಪಕ್ಕಕ್ಕೆ, ಕಡೆಯುವ ಕಲ್ಲು ನಾನು ಮಂಚದಿಂದ ಕಾಲಿಳಿಸುವ ಕಡೆಗೆ ಬಂದವು. ರಾತ್ರಿ ಎದ್ದರೆ ನನ್ನ ಕಿರುಬೆರಳಿಗೆ ಅದು ಸಿಗದೇ ಇರುವುದಿಲ್ಲ. ಮಕ್ಕಳು ಗ್ಯಾರೇಜಿಗೆ ಹೋದರು, ಗ್ಯಾರೇಜು ನಮ್ಮ ಬೆಡ್‌ರೂಮಿಗೆ ಬಂತು.

ಶಟರಿನ ವಿಷಯ ಬಾಕಿ ಇದೆ. ಅದರ ಒಳಗೆ ಸೊಂಟದೆತ್ತರ ಗೋಡೆ ಕಟ್ಟಿ, ಮೇಲೆ ಅಲ್ಯೂಮಿನಿಯಂ ಕಿಟಕಿ ಇಡಿಸಿದೆವು. ಶಟರನ್ನು ಭದ್ರತೆಗೆ ಇರಲಿ ಅಂತ ಉಳಿಸಿಕೊಂಡೆವು. ಮಗ ಬೆಳಿಗ್ಗೆ ಆರು ಗಂಟೆಗೆ ಗಾಳಿ ಬೇಕು ಅಂತ ಅದನ್ನು ಗರ್ರೆಂದು ಎಳೆಸುತ್ತಾನೆ. ಬೀದಿಯವರೆಲ್ಲ ಏಳುತ್ತಾರೆ. ಶಟರ್ ಮೇಲೆ, ಕಿಟಕಿಯ ಹಿಂದೆ ಲೈಟು, ಮೇಜಿನ ಮುಂದೆ ಕುಳಿತ ಒಬ್ಬ ಹುಡುಗ. ಮೊದಲ ವಾರವೇ ವಾಕಿಂಗ್ ಹೊರಟ ಒಬ್ಬರು ಕಿಟಕಿಗೆ ಬಗ್ಗಿ ಕೇಳಿದರಂತೆ: "ನಂದಿನಿ ಹಾಲು ಬಂತಾ ಮಗಾ?" ಆಮೇಲೆ ಬ್ರೆಡ್ಡು, ರೀಚಾರ್ಜು, ಜೆರಾಕ್ಸು. ಮಗ ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ, "ನಾಳೆ ಬನ್ನಿ" ಅನ್ನುತ್ತಿದ್ದ. ಎಲ್ಲಿ ಕಲಿತನೋ.

ಮೊನ್ನೆ ಭಾನುವಾರ ಊಟ ಮಾಡಿ ಮಲಗಿದ್ದೆ. ಮಂಚದ ಅಡಿಯಲ್ಲಿ ಏನೋ ಜರಿದ ಸದ್ದು. ಬೆಕ್ಕಿರಬೇಕು ಅಂತ ಮಗ್ಗುಲು ಬದಲಿಸಿದೆ. ಠಣ್ ಅಂತು. ಬಗ್ಗಿ ನೋಡಿದರೆ ಮಗಳ ಎರಡು ಕಾಲು. ಅವಳು ಅಡಿಯಿಂದ ಹಂಚು ಎಳೆದು ಕೊಡುತ್ತಿದ್ದಾಳೆ, ತಮ್ಮ ಎದೆಗವಚಿಕೊಂಡು ಓಣಿಯ ಕಡೆ ಓಡುತ್ತಿದ್ದಾನೆ. ಅವರಿಬ್ಬರು ಜಗಳವಿಲ್ಲದೆ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದೆಯೇ ಹೋದೆ. ಕಿಟಕಿಯ ಆಚೆ ಒಬ್ಬರು ನಿಂತಿದ್ದರು. ಮಲ್ಪೆಯ ಹತ್ತಿರ ಹೋಂಸ್ಟೇ ಮಾಡುತ್ತಿದ್ದಾರಂತೆ, ಹಳೆಯ ಹಂಚು ಹುಡುಕುತ್ತಿದ್ದಾರಂತೆ. ಮಗ ಪುಸ್ತಕ ಬೀಳದ ಹಾಗೆ ಕಿಟಕಿಯಲ್ಲಿಟ್ಟ ಹಂಚು ಅವರ ಕಣ್ಣಿಗೆ ಬಿದ್ದಿದೆ. "ಇನ್ನೂ ಉಂಟು, ಅಪ್ಪನ ಮಂಚದ ಅಡಿಯಲ್ಲಿ" ಅಂದಿದ್ದಾನೆ ಇವನು. ಆಗಲೇ 20 ಹಂಚು ಹೊರಗೆ ಹೋಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒದ್ದೆ ಪ್ಯಾಂಟುಗಳನ್ನು ಸರಿಸಿಕೊಂಡು ಅಮ್ಮ ಬಂದರು. ಮಕ್ಕಳಿಬ್ಬರೂ ಗೋಡೆಗೆ ಅಂಟಿ ನಿಂತರು. ನಾನೂ ನಿಂತೆ.

"ಎಷ್ಟಕ್ಕೆ ಕೊಟ್ಟೆ?" ಅಮ್ಮ ಮಗನನ್ನು ಕೇಳಿದರು.

"ಒಂದಕ್ಕೆ 15 ರೂಪಾಯಿ ಅಜ್ಜಿ."

ಅಮ್ಮ ಅವನ ಕೈಯಿಂದ ಹಂಚು ತೆಗೆದುಕೊಂಡರು. ಕಿಟಕಿಯ ಹತ್ತಿರ ಹೋಗಿ, ಆ ಮನುಷ್ಯನ ಕಿವಿಗೆ ಕೇಳುವ ಹಾಗೆ ಬೆರಳ ಗಂಟಿನಿಂದ ಒಮ್ಮೆ ಬಡಿದರು.

"ಸ್ವರ ಕೇಳಿದಿರಲ್ಲ? 25ಕ್ಕಿಂತ ಕಡಿಮೆ ಇಲ್ಲ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ತಾಮ್ರದ ಹಂಡೆ ಕೂಡ ಉಂಟು. ಒಳಗೆ ಬಂದು ನೋಡ್ತೀರಾ?"