ನೂರು ಪಟ್ಟು ಬೇಡ, ಅಸಲು ಕೊಟ್ರೆ ಸಾಕು

ಆ ವಿಡಿಯೊ ಮತ್ತೆ ಓಡಾಡಲು ಶುರುವಾಗಿದೆ. ಅಮೆರಿಕದ ಟೆಕ್ಸಾಸ್‌ನ ಟಿವಿ ಪಾಸ್ಟರ್ ಕೆನೆತ್ ಕೋಪ್‌ಲ್ಯಾಂಡ್, ಎದುರಿಗೆ ಮೈಕು ಹಿಡಿದ ವರದಿಗಾರ್ತಿ, ಮತ್ತೆ ಗುರಾಯಿಸುವ ಆ ಕಣ್ಣು. ನೀವು ನೋಡಿಯೇ ಇರುತ್ತೀರಿ. ನೋಡಿಲ್ಲದಿದ್ದರೆ ರಾತ್ರಿ ಹೊತ್ತು ಒಬ್ಬರೇ ನೋಡಬೇಡಿ. 2019ರ ಸರಕು ಅದು. ಆದರೂ ಯಾರಾದರೊಬ್ಬರು ಆಗಾಗ ಅದನ್ನು ಹೊಸದಾಗಿ ಕಂಡುಹಿಡಿದು ನನ್ನ ಫೋನಿಗೆ ತಳ್ಳುತ್ತಲೇ ಇರುತ್ತಾರೆ.

ಎಲ್ಲರ ಜೊತೆ ವಿಮಾನದಲ್ಲಿ ಹೋಗುವುದೆಂದರೆ ಉದ್ದನೆಯ ಕೊಳವೆಯೊಳಗೆ ದೆವ್ವಗಳ ಜೊತೆ ಕೂತ ಹಾಗೆ ಅಂತ ಕೋಪ್‌ಲ್ಯಾಂಡ್ 2015ರಲ್ಲಿ ಹೇಳಿದ್ದರು. ಅದಕ್ಕೇ ಸ್ವಂತ ಜೆಟ್ಟು ಬೇಕು. ಜನರನ್ನು ದೆವ್ವ ಅಂದಿರಾ ಎಂದು ವರದಿಗಾರ್ತಿ ಕೇಳಿದ್ದಕ್ಕೆ, ನಾನು ಹಾಗೆ ಅಂದೇ ಇಲ್ಲ ಅಂತ ಬೆರಳು ತೋರಿಸಿ ಗದರಿದರು. ಇರಲಿ. ಬೆಳಗಿನ ಜಾವದ ದೆಹಲಿ ವಿಮಾನದಲ್ಲಿ ನಡುವಿನ ಸೀಟು ಸಿಕ್ಕವರು, ಎರಡೂ ಕಡೆಯವರ ಮೊಣಕೈ ತಿಂದವರು, ದೆವ್ವದ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ಒಪ್ಪಿಕೊಳ್ಳುತ್ತಾರೆ.

ಇವರ ಗಲ್ಫ್‌ಸ್ಟ್ರೀಮ್ ಜೆಟ್ಟು ನಟ ಟೈಲರ್ ಪೆರಿಯಿಂದ ಕೊಂಡಿದ್ದು. ಎಷ್ಟು ಅಗ್ಗಕ್ಕೆ ಕೊಟ್ಟರೆಂದರೆ ಕೊಳ್ಳದೆ ಇರಲು ಆಗಲೇ ಇಲ್ಲವಂತೆ. ಆಷಾಢದ ಸೇಲಿಗೆ ಹೋಗಿ ಬೇಡದ ನಾಲ್ಕು ಸೀರೆ ತಂದವರೂ ಮನೆಗೆ ಬಂದು ಇದನ್ನೇ ಹೇಳುತ್ತಾರೆ. ಅವರಿಗೆ ಮಾತ್ರ ಗಂಡನ ಮುಂದೆ ಲೆಕ್ಕ ಒಪ್ಪಿಸಬೇಕಾಗುತ್ತೆ.

ಇನ್ನು ಲೂಸಿಯಾನಾದ ಜೆಸ್ಸಿ ಡುಪ್ಲಾಂಟಿಸ್. ನನಗೆ ಇವರ ಮೇಲೆ ಜಾಸ್ತಿ ಪ್ರೀತಿ. 2018ರಲ್ಲಿ ಇವರಿಗೆ ನಾಲ್ಕನೆಯ ವಿಮಾನ ಬೇಕಾಯಿತು. 5.4 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 360 ಕೋಟಿ ರೂಪಾಯಿ. ಬೇಕು ಅಂದದ್ದು ಇವರಲ್ಲ, ದೇವರು. ಅದೂ ಬರೀ ವಿಮಾನ ಅಂತ ಹೇಳಲಿಲ್ಲ. ಫಾಲ್ಕನ್ 7ಎಕ್ಸ್ ಅಂತ ಮಾಡೆಲ್ ನಂಬರ್ ಸಮೇತ ಹೇಳಿದನಂತೆ. ರಫೇಲ್ ಮಾಡುವ ದಸೋ ಕಂಪನಿಯದೇ ವಿಮಾನ. ನಮ್ಮ ದೇಶ ಅದೇ ಕಂಪನಿ ಹತ್ತಿರ ವಿಮಾನ ಕೊಂಡಾಗ ಜನ ಸುಪ್ರೀಂ ಕೋರ್ಟಿನ ತನಕ ಹೋದರು. ಲೂಸಿಯಾನಾದಲ್ಲಿ ಅಷ್ಟೆಲ್ಲ ರಗಳೆ ಇಲ್ಲ. ದುಡ್ಡು ಕೊಡು ಅಂತ ನಾನು ನಿನ್ನನ್ನು ಕೇಳಲಿಲ್ಲ, ನಂಬು ಅಂತ ಅಷ್ಟೇ ಕೇಳಿದ್ದು ಎಂದು ದೇವರೇ ಖುದ್ದಾಗಿ ಸ್ಪಷ್ಟನೆ ಕೊಟ್ಟನಂತೆ. ಇವರು ನಂಬಿದರು. ದುಡ್ಡು ಕೊಡುವ ಭಾಗ ಬೇರೆಯವರಿಗೆ ಬಿಟ್ಟರು.

ಯೇಸು ಈ ಕಾಲದಲ್ಲಿ ಭೂಮಿ ಮೇಲಿದ್ದಿದ್ದರೆ ಕತ್ತೆ ಮೇಲೆ ಓಡಾಡುತ್ತಿರಲಿಲ್ಲ ಅಂತಲೂ ಡುಪ್ಲಾಂಟಿಸ್ ಹೇಳಿದರು. ಸರಿ, ಓಡಾಡುತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಕತ್ತೆಯ ಕತೆಯನ್ನು ಮಾರ್ಕನ ಸುವಾರ್ತೆಯಲ್ಲಿ ತೆಗೆದು ನೋಡಿ. ಯೇಸುವಿನದು ಸ್ವಂತ ಕತ್ತೆಯಲ್ಲ. ಯಾರದೋ ಮನೆ ಬಾಗಿಲಲ್ಲಿ ಕಟ್ಟಿದ್ದ ಮರಿ. ಶಿಷ್ಯರನ್ನು ಕಳಿಸುವಾಗಲೇ, ಯಾರಾದರೂ ಕೇಳಿದರೆ ಬೇಗ ವಾಪಸ್ ಕಳಿಸುತ್ತೇನೆ ಅಂತ ಹೇಳಿ ಎಂದು ತಾಕೀತು ಮಾಡಿದ್ದ. ಎರಡು ಸಾವಿರ ವರ್ಷದಿಂದ ಅಲ್ಲಿ ಬರೆದಿದೆ. ಈ ಜೆಟ್ಟು ಪಾಸ್ಟರುಗಳ ಬಾಯಲ್ಲಿ ಕತ್ತೆ ಬರುತ್ತೆ, ವಾಪಸ್ ಕಳಿಸುವ ಮಾತು ಬರಲ್ಲ.

ಜಾರ್ಜಿಯಾದ ಪಾಸ್ಟರ್ ಕ್ರೆಫ್ಲೊ ಡಾಲರ್. ಹೌದು, ಹುಟ್ಟುವಾಗಲೇ ಇಟ್ಟ ಹೆಸರು, ನಾನೇನೂ ಸೇರಿಸಿಲ್ಲ. 2015ರಲ್ಲಿ ಇವರು ಸುಮಾರು 6.5 ಕೋಟಿ ಡಾಲರಿನ ಜೆಟ್ಟಿಗೆ 2 ಲಕ್ಷ ಜನ ತಲಾ 300 ಡಾಲರ್ ಕೊಡಿ ಅಂದರು. ಗುಣಿಸಿ ನೋಡಿ. 6 ಕೋಟಿ ಆಗುತ್ತೆ. ಉಳಿದ 50 ಲಕ್ಷಕ್ಕೆ ವಿಶ್ವಾಸ ಇಟ್ಟುಕೊಂಡಿದ್ದರು ಅಂತ ಕಾಣುತ್ತೆ.

ನಮ್ಮಲ್ಲಿ ಇಂಥವರು ಇಲ್ವಾ ಅಂತ ಯಾರೂ ಕೇಳಬೇಡಿ. ಇದ್ದಾರೆ, ಎಲ್ಲ ಬಣ್ಣದ ಬಟ್ಟೆಯಲ್ಲೂ ಇದ್ದಾರೆ. ಅವರ ಬಗ್ಗೆ ಬರೆಯಲು ಕೂತರೆ ಅಂಕಣ ಮುಗಿಯಲ್ಲ, ನಾನು ಮುಗೀತೀನಿ.

ಈ ವ್ಯವಹಾರದ ಮೂಲ ಬಂಡವಾಳ ಬೀಜ. ಬೀಜ ಅಂದರೆ ನೀವು ಕಳಿಸುವ ದುಡ್ಡು. ಬಿತ್ತಿದ್ದು ನೂರು ಪಟ್ಟು ಬರುತ್ತೆ, ಬೈಬಲ್‌ನಲ್ಲೇ ಇದೆ ಅಂತಾರೆ. ಇದೆ ನಿಜ. ಮನೆ, ಅಣ್ಣತಮ್ಮ, ತಂದೆತಾಯಿ, ಹೊಲ ಎಲ್ಲ ಬಿಟ್ಟು ಬಂದವನಿಗೆ ನೂರರಷ್ಟು ಸಿಗುತ್ತೆ ಅನ್ನುವ ಮಾತು. ಅದೇ ಸಾಲಿನಲ್ಲಿ 'ಹಿಂಸೆಗಳ ಸಹಿತ' ಅಂತಲೂ ಇದೆ. ಅದನ್ನು ಟಿವಿ ಪರದೆಯ ಕೆಳಗೆ ಫೋನ್ ನಂಬರಿನ ಪಕ್ಕ ಹಾಕಲ್ಲ. ಷರತ್ತುಗಳು ಅನ್ವಯಿಸುತ್ತವೆ ಅನ್ನುವ ಸಣ್ಣ ಅಕ್ಷರವೂ ಇಲ್ಲ.

ಈ ಬೀಜದ ಲೆಕ್ಕವನ್ನು ಮನೆಮನೆಗೆ ತಲುಪಿಸಿದವರಲ್ಲಿ ದೊಡ್ಡವರು ಓಕ್ಲಹೋಮಾದ ಓರಲ್ ರಾಬರ್ಟ್ಸ್. 1987ರಲ್ಲಿ ಅವರು ಮಾರ್ಚ್ ಮುಗಿಯುವುದರೊಳಗೆ 80 ಲಕ್ಷ ಡಾಲರ್ ಕೂಡಿಬರದಿದ್ದರೆ ದೇವರು ನನ್ನನ್ನು ಮನೆಗೆ ಕರೆದುಕೊಳ್ಳುತ್ತಾನೆ ಅಂದುಬಿಟ್ಟರು. ಮನೆ ಅಂದರೆ ಮೇಲೆ. ನಮ್ಮ ಬ್ಯಾಂಕಿನವರಿಗೂ ಮಾರ್ಚ್ 31 ಅಂದರೆ ಜೀವ ಹೋಗುತ್ತೆ, ಆದರೆ ಈ ಮಟ್ಟಕ್ಕಲ್ಲ. ಕೊನೆಗೆ 13 ಲಕ್ಷ ಡಾಲರಿನ ದೊಡ್ಡ ಚೆಕ್ಕು ಕೊಟ್ಟು ಕಾಪಾಡಿದವನು ಯಾರು ಗೊತ್ತಾ? ಫ್ಲೋರಿಡಾದಲ್ಲಿ ನಾಯಿ ರೇಸು ನಡೆಸುತ್ತಿದ್ದವನು. ದೇವರಿಗೂ ಸಮಾಧಾನವಾಗಿರಬೇಕು. ರಾಬರ್ಟ್ಸ್ ಆಮೇಲೆ 22 ವರ್ಷ ಬದುಕಿ, 91ಕ್ಕೆ ನಿಧಾನವಾಗಿ ಹೋದರು.

ಬೀಜ ಬಿತ್ತುವುದನ್ನು ಹತ್ತಿರದಿಂದ ನೋಡಿದವನು ಟಿವಿ ಹಾಸ್ಯಗಾರ ಜಾನ್ ಆಲಿವರ್. ರಾಬರ್ಟ್ ಟಿಲ್ಟನ್ ಅನ್ನುವ ಪಾಸ್ಟರಿಗೆ 20 ಡಾಲರ್ ಕಳಿಸಿ ಸುಮ್ನೆ ಕಾದ. ಪತ್ರ ಬಂತು. ಅದರೊಳಗೆ ಒಂದು ಡಾಲರ್ ನೋಟು. ಖುಷಿ ಪಡಬೇಡಿ, ಅದನ್ನು ಇನ್ನಷ್ಟು ದುಡ್ಡಿನ ಜೊತೆ ವಾಪಸ್ ಕಳಿಸಬೇಕು. ಮುಂದಿನ ಪತ್ರಗಳಲ್ಲಿ ಪುಟ್ಟ ಪೊಟ್ಟಣದಲ್ಲಿ ಎಣ್ಣೆ. ಇನ್ನೊಂದು ಸಲ ಕಾಗದದ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆದು ಕಳಿಸಿ ಅಂತ ಸೂಚನೆ. ಏಳು ತಿಂಗಳಲ್ಲಿ 26 ಪತ್ರ ಬಂದವು, 319 ಡಾಲರ್ ಹೋಯಿತು. ನೂರು ಪಟ್ಟು ಬಂದದ್ದು ಅಂಚೆ ಮಾತ್ರ. ಇದೇ ಟಿಲ್ಟನ್‌ಗೆ ಬಂದ ಪ್ರಾರ್ಥನೆಯ ಕೋರಿಕೆ ಪತ್ರಗಳು ದುಡ್ಡು ತೆಗೆದಮೇಲೆ ಕಸದ ತೊಟ್ಟಿ ಸೇರುತ್ತಿವೆ ಅಂತ 1991ರಲ್ಲೇ ಎಬಿಸಿ ಚಾನೆಲ್ ತೋರಿಸಿತ್ತು. ಅವರು ಅಲ್ಲಗಳೆದರು. ಕೆಲ ವರ್ಷ ಟಿವಿಯಿಂದ ಮರೆಯಾದರು. ಮತ್ತೆ ಬಂದರು.

ಬೆಳೆ ಬರದಿದ್ದರೆ? ಬೀಜ ಕೆಟ್ಟಿತ್ತು ಅನ್ನಲ್ಲ, ಮಾರಿದವನನ್ನೂ ಅನ್ನಲ್ಲ. ನಿಮ್ಮ ವಿಶ್ವಾಸ ಸಾಲದು ಅಂತಾರೆ. ಎಂಥಾ ಪಾಲಿಸಿ ನೋಡಿ! ನಮ್ಮ ಎಲ್‌ಐಸಿ ಏಜೆಂಟ್ ಮದುವೆಮನೆಯಲ್ಲೂ ಬೆನ್ನು ಬಿಡಲ್ಲ, ನಿಜ. ಆದರೆ ಅವನ ಮೇಲೊಂದು ಬ್ರಾಂಚ್ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ, ಕ್ಲೇಮು ತಿರಸ್ಕರಿಸಿದರೆ ಕಾಗದದಲ್ಲಿ ಕಾರಣ ಕೊಡಬೇಕು.

ಎಲ್ಲರೂ ಜೆಟ್ಟಿನವರೇ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟೆನ್ನೆಸ್ಸಿಯಲ್ಲಿ ಡೇವ್ ರಾಮ್ಸೆ ಅಂತ ಒಬ್ಬರಿದ್ದಾರೆ. ಸ್ವತಃ 1988ರಲ್ಲಿ ದಿವಾಳಿ ಎದ್ದವರು. ಆಮೇಲೆ ಸಾಲ ಮಾಡಬೇಡಿ ಅಂತ ಹೇಳುವುದನ್ನೇ ಕಸುಬು ಮಾಡಿಕೊಂಡು ಚೆನ್ನಾಗಿ ದುಡಿದರು. ಸಾಲ ತೆಗೆದುಕೊಂಡವನು ಸಾಲ ಕೊಟ್ಟವನ ದಾಸ ಅನ್ನುವ ಬೈಬಲ್ಲಿನ ಜ್ಞಾನೋಕ್ತಿಯ ಮಾತು ಇವರ ಅಡಿಪಾಯ. ಇವರ ಪಾಠ ಚರ್ಚ್ ಹಾಲುಗಳಲ್ಲಿ ನಡೆಯುತ್ತೆ. ಖರ್ಚು ಮಾಡದಿರುವುದು ಹೇಗೆ ಅಂತ ಕಲಿಯಲು ಶುಲ್ಕ ಇದೆ. ಏಳು ಹೆಜ್ಜೆಗಳ ಯೋಜನೆ. ಮೊದಲ ಹೆಜ್ಜೆ 1,000 ಡಾಲರ್ ಪಕ್ಕಕ್ಕೆ ಎತ್ತಿಡುವುದು, ಎರಡನೆಯದು ಚಿಕ್ಕ ಸಾಲದಿಂದ ಶುರುಮಾಡಿ ಒಂದೊಂದೇ ತೀರಿಸುವುದು, ಹೀಗೆ. ನಮ್ಮಲ್ಲಿ ಉಲ್ಟಾ. ಏಳು ಹೆಜ್ಜೆ ಇಟ್ಟ ದಿನವೇ ಸಾಲ ಶುರು. ಛತ್ರದ್ದೊಂದು, ಒಡವೆಯದೊಂದು.

ಸಾಲ ತೀರುವ ತನಕ ಹೋಟೆಲು ಕಡೆ ತಲೆ ಹಾಕಬೇಡಿ, ಅನ್ನ ಮತ್ತು ಕಾಳು, ಕಾಳು ಮತ್ತು ಅನ್ನ, ಅಷ್ಟೇ ತಿನ್ನಿ ಅಂತ ರಾಮ್ಸೆ ಉಪದೇಶ. ಅಮೆರಿಕದವರಿಗೆ ಇದು ಘೋರ ತಪಸ್ಸು. ನಮ್ಮಲ್ಲಿ ಇದಕ್ಕೆ ಊಟ ಅಂತಾರೆ. ಸಾಲ ಪೂರ್ತಿ ತೀರಿದ ಗಂಡಹೆಂಡತಿ ಇವರ ರೇಡಿಯೊ ಸ್ಟುಡಿಯೊಗೆ ಹೋಗಿ, ಮೂರು ಎರಡು ಒಂದು ಅಂತ ಎಣಿಸಿ, ಸಾಲ ತೀರಿತು ಅಂತ ಗಂಟಲು ಹರಿಯುವಂತೆ ಕಿರುಚುವ ಪದ್ಧತಿಯೂ ಇದೆ. ನನಗೆ ಇದು ಬಹಳ ಇಷ್ಟ. ಹೋಮ್ ಲೋನಿನ ಕೊನೆ ಕಂತು ಕಟ್ಟಿದ ದಿನ ನಾವೂ ಕಿರುಚಬಹುದಿತ್ತು. ಆದರೆ ಎನ್‌ಒಸಿ ಬರಬೇಕು, ಮನೆಪತ್ರ ಬರಬೇಕು, ಇಸಿ ತೆಗೆಸಬೇಕು. ಅಷ್ಟರಲ್ಲಿ ಗಂಟಲೇ ಒಣಗಿರುತ್ತೆ.

ರಾಮ್ಸೆಯಿಂದ ಉದ್ಧಾರವಾದವರು ನಿಜಕ್ಕೂ ಇದ್ದಾರೆ, ಒಪ್ಪುತ್ತೇನೆ. ಒಂದೇ ಸೋಜಿಗ. ಒಂದು ಚಾನೆಲ್ಲಿನಲ್ಲಿ ಕಾರ್ಡು ಕತ್ತರಿಸಿ ಹಾಕು, ದೇವರಿಗೆ ಅದೇ ಇಷ್ಟ ಅಂತಾರೆ. ಪಕ್ಕದ ಚಾನೆಲ್ಲಿನಲ್ಲಿ ಈಗಲೇ ಫೋನ್ ಮಾಡಿ ಬಿತ್ತು, ದೇವರಿಗೆ ಇದೇ ಇಷ್ಟ ಅಂತಾರೆ. ರಿಮೋಟು ಹಿಡಿದ ಮುದುಕಿ ಏನು ಮಾಡಬೇಕು?

ಇಲ್ಲೇ ಬೆಂಗಳೂರಿನಲ್ಲಿ ನನ್ನ ಗೆಳೆಯರೊಬ್ಬರು ಒಂದು ಸಣ್ಣ ಚರ್ಚಿನ ಖಜಾಂಚಿ. ಹಾರ್ವೆಸ್ಟ್ ಫೆಸ್ಟಿವಲ್ ದಿನ ಅಲ್ಲಿ ಹರಾಜು ನಡೆಯುತ್ತೆ. ತೆಂಗಿನಕಾಯಿ, ಬಾಳೆಗೊನೆ, ಕೇಕು, ಕಾಲು ಕಟ್ಟಿದ ಒಂದು ಹುಂಜ. ಕೊಂಡವರೇ ಮತ್ತೆ ಹರಾಜಿಗೆ ಬಿಡುತ್ತಾರೆ, ಒಂದೇ ಕುಂಬಳಕಾಯಿ ಮೂರು ಸಲ ಮಾರಾಟವಾಗುತ್ತೆ. ಆಮೇಲೆ ವಾರ್ಷಿಕ ಸಭೆಯಲ್ಲಿ ಇವರು ಲೆಕ್ಕ ಓದಬೇಕು. ಹಿಂದಿನ ಬೆಂಚಿನಿಂದ ಒಬ್ಬ ನಿವೃತ್ತ ಅಕೌಂಟೆಂಟ್ ಎದ್ದು ನಿಲ್ಲುತ್ತಾರೆ. "ಸಾರ್, ಜನರೇಟರ್ ಡೀಸೆಲ್ 340 ರೂಪಾಯಿ ಅಂತ ಬರೆದಿದ್ದೀರಿ. ಬಿಲ್ ಎಲ್ಲಿ?" ಚರ್ಚಿನ ಪಾದ್ರಿ ಅಯ್ಯನವರು ಸಮಾಧಾನ ಮಾಡಲು ಹೋದರೆ, "ಅಯ್ಯನವರೇ, ನೀವು ಕೂತ್ಕೊಳ್ಳಿ, ಇದು ನಿಮ್ಮ ವಿಷಯ ಅಲ್ಲ" ಅಂತಾರೆ. ಗೆಳೆಯರು ಆ ಬಿಲ್ ಹುಡುಕಲು ಅಂಗಿ, ಪ್ಯಾಂಟು, ಬೈಬಲ್ ಎಲ್ಲದರೊಳಗೂ ಕೈಯಾಡಿಸುತ್ತಾರೆ. ಆ ಅಕೌಂಟೆಂಟನ್ನು ಒಂದು ವಾರ ಟೆಕ್ಸಾಸ್‌ಗೆ ಕಳಿಸಬೇಕು ಅಂತ ನನ್ನ ಆಸೆ. ಟಿಕೆಟ್ ಎಕಾನಮಿಯದೇ ಸಾಕು, ದೆವ್ವಗಳ ಜೊತೆ ಹೋಗಿಬರಲಿ.

ಅಲ್ಲಿನ ಕಾನೂನು ಚರ್ಚುಗಳಿಗೆ ತೆರಿಗೆ ವಿನಾಯಿತಿ ಕೊಟ್ಟಿದೆ. ಬೇರೆ ದತ್ತಿ ಸಂಸ್ಥೆಗಳು ವರ್ಷ ವರ್ಷ ಸಲ್ಲಿಸುವ ಲೆಕ್ಕಪತ್ರದಿಂದಲೂ ಬಿಡುಗಡೆ. ಕೋಪ್‌ಲ್ಯಾಂಡ್ ಅವರ ಕೆರೆಯಂಚಿನ 18,000 ಚದರಡಿಯ ಮನೆ ಲೆಕ್ಕಪುಸ್ತಕದಲ್ಲಿ ಪಾದ್ರಿ ನಿವಾಸ. 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಇಂಥ ಆರು ಜನರಿಗೆ ಪತ್ರ ಬರೆದು ಲೆಕ್ಕ ಕೇಳಿದರು. ಪೂರ್ತಿ ಸಹಕರಿಸಿದವರು ಇಬ್ಬರು. 2011ರಲ್ಲಿ ತನಿಖೆ ಮುಗಿಯಿತು. ಯಾರಿಗೂ ದಂಡ ಇಲ್ಲ. ನಿಮ್ಮನ್ನು ನೀವೇ ತಿದ್ದಿಕೊಳ್ಳುವುದು ಒಳ್ಳೆಯದು ಅನ್ನುವ ಅರ್ಥದ ವರದಿ ಬಂತು. 340 ರೂಪಾಯಿಗೆ ಅಷ್ಟು ರಂಪ ಮಾಡಿದ ನಮ್ಮವರಿಗೆ ಈ ವರದಿ ಓದಿಸಿದರೆ ಎದೆ ಒಡೆದುಕೊಳ್ಳುತ್ತಾರೆ.

ಇಲ್ಲಿಯತನಕ ನಕ್ಕೆ. 2020ರ ಮಾರ್ಚ್ ನೆನಪಾದರೆ ನಗು ಬರಲ್ಲ. ಅಮೆರಿಕದಲ್ಲಿ ಒಂದೇ ವಾರಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡು ಭತ್ಯೆಗೆ ಅರ್ಜಿ ಹಾಕಿದ ಹೊತ್ತು. ಆಗ ಕೋಪ್‌ಲ್ಯಾಂಡ್ ಕ್ಯಾಮೆರಾ ನೋಡಿ, ಏನೇ ಆದರೂ ದಶಮಾಂಶ ಮಾತ್ರ ನಿಲ್ಲಿಸಬೇಡಿ ಅಂದರು. ದಶಮಾಂಶ ಅಂದರೆ ಹತ್ತರಲ್ಲಿ ಒಂದು. ಸೊನ್ನೆಯ ಹತ್ತನೇ ಒಂದು ಭಾಗ ಎಷ್ಟು ಅಂತ ಅವರು ಹೇಳಲಿಲ್ಲ. ಇಂಥವರು ಹೇಳಿದರೆ ಕೊಡುವವರು ಯಾರು? ಸಾಹುಕಾರರಲ್ಲ. ಬಾಡಿಗೆ ಕಟ್ಟಬೇಕಾದವರು, ಮಗುವಿನ ಕಾಯಿಲೆಗೆ ಪ್ರಾರ್ಥನೆ ಕೇಳಿದವರು, ಪಿಂಚಣಿ ಬಂದ ದಿನವೇ ಲಕೋಟೆ ಅಂಟಿಸಿದವರು. ಬಡ ವಿಧವೆ ಎರಡು ಕಾಸು ಹಾಕಿದ ಕತೆಯನ್ನು ಇಂಥ ಪ್ರಸಂಗಗಳಲ್ಲಿ ಎಷ್ಟು ಸಲ ಕೇಳಿಲ್ಲ. ಅದರ ಹಿಂದಿನ ಸಾಲನ್ನೇ ಓದಲ್ಲ. ವಿಧವೆಯರ ಮನೆ ನುಂಗಿ, ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರಿಗೆ ಹೆಚ್ಚಿನ ದಂಡನೆ ಅಂತ ಯೇಸು ಬೈದದ್ದು ಅಲ್ಲೇ ಇದೆ. ಸಾಕಾಗಿ ಹೋಗಿದೆ ಕಣ್ರೀ. ಇದಕ್ಕೆ ವಿಡಂಬನೆ ಬೇರೆ ಬರೀಬೇಕಾ?

ಕೆಲವರು ಪಶ್ಚಾತ್ತಾಪ ಪಟ್ಟರು ಅಂತ ಸುದ್ದಿಯಾಯಿತು. ಬೆನ್ನಿ ಹಿನ್ ಗೊತ್ತಲ್ಲ, ಗ್ರಾಸ್ಲಿ ಪತ್ರ ಹೋದ ಆರು ಜನರಲ್ಲಿ ಒಬ್ಬರು. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಸಭೆ ಮಾಡಿ, ಊರೆಲ್ಲ ಪ್ರತಿಭಟನೆ ಎಬ್ಬಿಸಿ ಹೋದವರು. 2019ರಲ್ಲಿ ಅವರು ಈ ಸಮೃದ್ಧಿಯ ಬೋಧನೆ ಅತಿಯಾಯಿತು, ಸುವಾರ್ತೆ ಮಾರಾಟಕ್ಕಿಲ್ಲ ಅಂದರು. 2022ರಲ್ಲಿ ನಮ್ಮ ಡಾಲರ್ ಸಾಹೇಬರೂ ದಶಮಾಂಶದ ಬಗ್ಗೆ ಇಷ್ಟು ವರ್ಷ ಹೇಳಿದ್ದು ತಪ್ಪು, ಆ ಕುರಿತ ನನ್ನ ಪುಸ್ತಕ, ಟೇಪು, ವಿಡಿಯೊ ಎಲ್ಲ ಬಿಸಾಕಿ ಅಂದರು. ಆದರೆ ಕ್ಷಮೆ ಕೇಳಲ್ಲ ಅಂತಲೂ ಸೇರಿಸಿದರು, ಆ ದಾರಿ ಹಿಡಿಯದಿದ್ದರೆ ಇಲ್ಲಿಗೆ ತಲುಪುತ್ತಲೇ ಇರಲಿಲ್ಲವಂತೆ. ಬಿಸಾಕಿ ಅಂದರೇ ಹೊರತು ವಾಪಸ್ ತನ್ನಿ, ದುಡ್ಡು ಕೊಡುತ್ತೇನೆ ಅನ್ನಲಿಲ್ಲ.

ನನಗೆ ಗೊತ್ತಿರುವ ಹಾಗೆ ದುಡ್ಡು ವಾಪಸ್ ಬಂದ ಒಂದು ಪ್ರಕರಣ ಇದೆ. ಜಿಮ್ ಬೇಕರ್ ಅಂತ, ಈ ಧಂದೆಯ ಹಳೇ ಹುಲಿ. 1,000 ಡಾಲರ್ ಕೊಟ್ಟರೆ ಜೀವಮಾನವಿಡೀ ವರ್ಷಕ್ಕೆ ಮೂರು ರಾತ್ರಿ ನಮ್ಮ ರೆಸಾರ್ಟಿನಲ್ಲಿ ತಂಗಬಹುದು ಅಂತ, ಇದ್ದ ಕೋಣೆಗಳಿಗಿಂತ ಎಷ್ಟೋ ಜಾಸ್ತಿ ಜನರಿಗೆ ಮಾರಿ, 1989ರಲ್ಲಿ ಜೈಲಿಗೆ ಹೋದರು. 45 ವರ್ಷದ ಶಿಕ್ಷೆ ಕಮ್ಮಿಯಾಗಿ 1994ಕ್ಕೇ ಹೊರಬಂದರು. ಆಮೇಲೆ ಹೊಸ ಪ್ಲಾನು. ಲೋಕದ ಅಂತ್ಯ ಹತ್ತಿರ ಬಂತು, ಅದಕ್ಕೆ ಒಣ ಆಹಾರ ತುಂಬಿದ ಬಕೆಟ್ ಕೊಂಡಿಟ್ಟುಕೊಳ್ಳಿ, ವರ್ಷಗಟ್ಟಲೆ ಕೆಡಲ್ಲ. ಲೋಕವೇ ಮುಗಿಯುವಾಗ ವರ್ಷಗಟ್ಟಲೆ ಕೆಡದ ಸೂಪು ಯಾರಿಗೆ ಅಂತ ಕೊಂಡವರು ಕೇಳಲಿಲ್ಲ. 2020ರಲ್ಲಿ ಬೆಳ್ಳಿಯ ಕಣ ಬೆರೆಸಿದ ನೀರಿನ ಬಾಟಲಿ ಹಿಡಿದು ಬಂದರು. ಅವರ ಕಾರ್ಯಕ್ರಮದಲ್ಲಿ ಅದು ವೈರಸ್ಸಿಗೆ ಮದ್ದು ಅನ್ನುವ ಧಾಟಿಯ ಮಾತು. ಮಿಸೌರಿ ರಾಜ್ಯದ ಅಟಾರ್ನಿ ಜನರಲ್ ಕೇಸು ಹಾಕಿದರು. 2021ರಲ್ಲಿ ರಾಜಿಯಾಗಿ, ಕೊಂಡವರಿಗೆ ಸುಮಾರು 1,56,000 ಡಾಲರ್ ವಾಪಸ್ ಕೊಡಬೇಕಾಯಿತು. ನೂರು ಪಟ್ಟು ಏನಲ್ಲ, ಅಸಲು. ಅದಕ್ಕೂ ಯಾರೂ ಪಾದದ ಸುತ್ತ ಗೆರೆ ಎಳೆದು ಕಳಿಸಬೇಕಾಗಿ ಬರಲಿಲ್ಲ.